ಕಂಡೂ ಬಿಟ್ಟ ಬಿರುಕು

ಮರದ ಕಾರ್ಖಾನೆಯಲ್ಲಿ ಅವಳನ್ನು ಗೀಟಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷ ಅವಳು ಮಾಡಿದ್ದು ಗೀಟು ಎಳೆಯುವ ಕೆಲಸವನ್ನೇ. ಉರುಳೆಗಳ ಮೇಲೆ ಹಲಗೆ ಸರಿದು ಬರುತ್ತಿತ್ತು. ಗಂಟು, ಬಿರುಕು, ಹುಳು ಕೊರೆದ ತೂತು ಕಂಡಲ್ಲಿ ಆಚೆಗೊಂದು ಈಚೆಗೊಂದು ಹೊಳೆಯುವ ಬಣ್ಣದ ಗೀಟು ಎಳೆಯಬೇಕು. ಮುಂದಿನ ಗರಗಸ ಆ ಗೀಟುಗಳನ್ನು ಗುರುತಿಸಿ ನಡುವಿನ ಕೆಟ್ಟ ತುಂಡನ್ನು ಕತ್ತರಿಸಿ ಎಸೆಯುತ್ತಿತ್ತು. ಹಲಗೆಯನ್ನು ತಿರುವಿ ನೋಡಲು ಸಿಗುತ್ತಿದ್ದುದು ನಾಲ್ಕೇ ಕ್ಷಣ.

‘ಇವಳು ಯಾರ ಮನೆಗೆ ಹೋದ್ರೂ ಮೊದಲು ಬಾಗಿಲು ನೋಡ್ತಾಳೆ, ಆಮೇಲೆ ಮನುಷ್ಯರನ್ನ’ ಎಂದು ಗಂಡ ನಗುತ್ತಿದ್ದ. ಅವನು ದರ್ಜಿ; ಎದುರು ಬಂದವರ ಅಂಗಿಯ ಹೊಲಿಗೆಯ ಮೇಲೆ ಅವನ ಕಣ್ಣು ಹೋಗುತ್ತಿದ್ದುದನ್ನು ಅವಳು ಎತ್ತಿ ಆಡುತ್ತಿದ್ದಳು. ಕೋಪ ಅವಳಿಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಬಂದಷ್ಟೇ ಬೇಗ ಇಳಿಯುತ್ತಿತ್ತು. ಇಳಿಯದ ಕೋಪ ಬಂದದ್ದು ಒಂದೇ ಸಲ.

ಹಲಗೆಯ ನಾಲ್ಕೂ ಮೈಯನ್ನು ಕ್ಯಾಮೆರಾದಲ್ಲಿ ನೋಡಿ, ದೋಷ ಹುಡುಕಿ, ಯಾವ ಅಳತೆಗೆ ಕತ್ತರಿಸಿದರೆ ಮರ ಹೆಚ್ಚು ಉಳಿಯುತ್ತದೆಂದು ತಾನೇ ಲೆಕ್ಕ ಹಾಕುವ ಯಂತ್ರವೊಂದು ಕಾರ್ಖಾನೆಗೆ ಬಂತು. ಅದನ್ನು ಕೂಡಿಸಲು ನರೆಗೂದಲಿನ ತಂತ್ರಜ್ಞೆಯೊಬ್ಬಳು ಬಂದಳು. ಮೂರು ವಾರ ಗೀಟಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ಪರದೆಯ ಮೇಲೆ ಎರಡು ಸಾವಿರ ಹಲಗೆಗಳ ಚಿತ್ರ ತೋರಿಸಿದಳು.

‘ಅಕ್ಕ, ಇದು ಬಿರುಕಾ, ಬರೀ ಗೆರೆನಾ?’

‘ಬಿರುಕೇ. ಅಂಚು ನೋಡಿ, ಒಳಗೆ ಕಪ್ಪಿದೆ. ಈ ಗಂಟು ಮಾತ್ರ ಗಟ್ಟಿ, ಬಿಡಿ. ಆ ಪಕ್ಕದ್ದು ಸತ್ತ ಗಂಟು, ಒಣಗಿದ ಮೇಲೆ ಉದುರಿ ಹೋಗುತ್ತೆ.’

ಹೀಗೆ ತನಗೆ ಗೊತ್ತಿದ್ದುದನ್ನೆಲ್ಲ ಅವಳು ಕೈಬಿಚ್ಚಿ ಕೊಟ್ಟಳು. ಯಂತ್ರ ಓಡಲು ಶುರುವಾದ ಮೇಲೆ ಅವಳನ್ನು ಕೊನೆಯಲ್ಲಿ ಫೋಟೋ ಚೌಕಟ್ಟಿನ ತುಂಡು ಜೋಡಿಸಿಡುವ ಕಡೆ ಹಾಕಿದರು; ಏಣಿಯ ಮರ ಬೇರೆಯವರ ಕಡೆಗೆ ಹೋಗುತ್ತಿತ್ತು. ಹೊಟ್ಟೆ ಉರಿಯಿತು. ಆದರೂ ಒಂದು ವಾರ ಯಾರಿಗೂ ಹೇಳದೆ ಅದರ ಕೆಲಸವನ್ನು ಪರೀಕ್ಷಿಸಿ ನೋಡಿದಳು. ‘ನನಗಿಂತ ಅದರ ಕಣ್ಣು ಚುರುಕು ಕಣ್ರೀ’ ಎಂದು ಗಂಡನ ಮುಂದೆ ಒಪ್ಪಿಕೊಂಡಳು.

ನಾಲ್ಕು ತಿಂಗಳಾಗಿರಬೇಕು. ಕಾರ್ಖಾನೆಯಿಂದ ಮರ ಕೊಳ್ಳುತ್ತಿದ್ದ ಏಣಿ ತಯಾರಕ ಮುರಿದ ಮೆಟ್ಟಿಲೊಂದನ್ನು ತಂದು ಮ್ಯಾನೇಜರನ ಮೇಜಿನ ಮೇಲೆ ಕುಕ್ಕಿದ. ಗೋಡೆಗೆ ಬಣ್ಣ ಬಳಿಯುವವನೊಬ್ಬ ಆ ಏಣಿಯಿಂದ ಬಿದ್ದು ಎರಡೂ ಹಿಮ್ಮಡಿ ಮುರಿದುಕೊಂಡಿದ್ದ.

ಮಾರನೆಯ ದಿನ ಮ್ಯಾನೇಜರ್ ಗೀಟಕ್ಕನನ್ನು ಕರೆಸಿ ಒಂದು ಕಾಗದ ಮುಂದಿಟ್ಟ. ದೋಷ ಗುರುತಿಸಲು ಯಂತ್ರಕ್ಕೆ ತಾನು ತಪ್ಪಾಗಿ ಕಲಿಸಿದ್ದರಿಂದ ಹೀಗಾಯಿತು ಎಂದು ಅದರಲ್ಲಿ ಅವಳ ಹೆಸರಿನಲ್ಲಿ ಬರೆದಿತ್ತು.

‘ಸುಮ್ನೆ ಒಂದು ಸಹಿ ಹಾಕಮ್ಮ. ನಿನಗೇನೂ ಆಗಲ್ಲ, ನಾನಿದ್ದೀನಿ.’

‘ಓದಿ ಹೇಳ್ತೀನಿ’ ಎಂದು ಕಾಗದ ಎತ್ತಿಕೊಂಡು ಹೊರಬಂದಳು.

ಸಂಜೆ ಗಂಡನಿಗೆ ತೋರಿಸಿದಾಗ ಅವನು ಮೆಲ್ಲಗೆ, ‘ಹಾಕ್ಬಿಡೇ. ಕೆಲಸ ಉಳಿದ್ರೆ ಸಾಕಲ್ವಾ?’ ಎಂದ.

‘ಒಬ್ಬನ ಕಾಲು ಮುರಿದಿದ್ದು ನನ್ನಿಂದ ಅಂತ ನಾನೇ ಬರ್ಕೊಡ್ಲಾ? ಇಪ್ಪತ್ತೆರಡು ವರ್ಷದಲ್ಲಿ ಅಂಥಾ ಒಂದು ಬಿರುಕು ನನ್ನ ಕೈ ದಾಟಿ ಹೋಗಿದೆಯಾ, ಹೇಳಿ.’

ಅವನು ಕತ್ತರಿ ಕೆಳಗಿಟ್ಟ. ‘ಬೇಡ, ಹಾಕ್ಬೇಡ’ ಎಂದ.

ಯಂತ್ರ ಪ್ರತಿ ತುಂಡಿನ ಮೇಲೂ ಒಂದು ಸಂಖ್ಯೆ ಒತ್ತಿ, ಆ ಸಂಖ್ಯೆಯಲ್ಲೇ ಅದರ ಚಿತ್ರವನ್ನು ಉಳಿಸಿಕೊಳ್ಳುತ್ತಿತ್ತು. ಮುರಿದ ಮೆಟ್ಟಿಲಿನ ಬೆನ್ನಿನ ಮೇಲೆ ಆ ಸಂಖ್ಯೆ ಹಾಗೇ ಇತ್ತು. ಆ ವಾರ ತಂತ್ರಜ್ಞೆ ಯಂತ್ರ ನೋಡಿಕೊಂಡು ಹೋಗಲು ಬಂದಿದ್ದಳು. ಗೀಟಕ್ಕ ಸಂಖ್ಯೆ ಬರೆದ ಚೀಟಿಯನ್ನು ಅವಳ ಕೈಗಿಟ್ಟು, ‘ಇದರ ಚಿತ್ರ ತೆಗೀರಿ’ ಎಂದಳು.

ಪರದೆಯ ಮೇಲೆ ಹಲಗೆ ಮೂಡಿತು. ಬಿರುಕಿನ ಸುತ್ತ ಕೆಂಪು ಚೌಕ. ಯಂತ್ರ ಅದನ್ನು ಕಂಡಿತ್ತು. ಕಂಡೂ ಬಿಟ್ಟಿತ್ತು.

‘ಯಾಕೆ ಬಿಡ್ತು?’

ತಂತ್ರಜ್ಞೆ ಇನ್ನೊಂದು ಪುಟ ತೆರೆದಳು. ‘ಬಿರುಕಿನ ಉದ್ದ ಎಂಟು ಮಿಲಿಮೀಟರ್ ಮೇಲಿದ್ರೆ ಕತ್ತರಿಸು ಅಂತ ಇಟ್ಟು ಹೋಗಿದ್ದೆ. ಈಗ ಅರವತ್ತು ಅಂತಿದೆ. ಮೂರು ತಿಂಗಳ ಹಿಂದೆ ಯಾರೋ ಬದಲಾಯಿಸಿದ್ದಾರೆ.’ ಆಮೇಲೆ ದನಿ ತಗ್ಗಿಸಿ, ‘ಯಾರೋ ಅಲ್ಲ, ಮ್ಯಾನೇಜರ್ ಹೆಸರು, ಪಾಸ್‌ವರ್ಡ್ ಹಾಕಿಯೇ ಒಳಗೆ ಹೋಗಿದ್ದಾರೆ’ ಎಂದಳು.

ಆ ಮೂರು ತಿಂಗಳು ಕಾರ್ಖಾನೆಯಲ್ಲಿ ಮರ ಎಷ್ಟು ಕಡಿಮೆ ಪೋಲಾಗುತ್ತಿದೆ ಎಂದು ಮಾಲೀಕ ಎಲ್ಲರೆದುರು ಮ್ಯಾನೇಜರನ ಬೆನ್ನು ತಟ್ಟಿದ್ದು ಗೀಟಕ್ಕನಿಗೆ ನೆನಪಾಯಿತು. ಅಂದು ತಾನೂ ಚಪ್ಪಾಳೆ ಹೊಡೆದಿದ್ದಳು. ಅದು ನೆನಪಾಗಿ ಮೈಯೆಲ್ಲ ಬೆಂಕಿಯಾಯಿತು.

ಮಾಲೀಕ, ಮ್ಯಾನೇಜರ್, ಏಣಿ ತಯಾರಕ ಮೂವರೂ ಕೂತಿದ್ದ ಕೋಣೆಗೆ ಅವಳು ಯಾರೂ ಕರೆಯದೆಯೇ ನುಗ್ಗಿದಳು. ತಂತ್ರಜ್ಞೆ ತೆಗೆದುಕೊಟ್ಟ ಚಿತ್ರದ ಪ್ರತಿಯನ್ನೂ ಅಳತೆ ಬದಲಾದ ಪುಟದ ಪ್ರತಿಯನ್ನೂ ಮೇಜಿನ ಮೇಲೆ ಹರವಿದಳು.

‘ಯಂತ್ರಕ್ಕೆ ನಾನು ಸರಿಯಾಗೇ ಕಲಿಸಿದ್ದೆ ಸಾಹೇಬ್ರೆ. ಅದು ಸರಿಯಾಗೇ ಕಲೀತು. ಅದರ ಕಣ್ಣು ಕಟ್ಟಿದವರು ಇಲ್ಲೇ ಕೂತಿದ್ದಾರೆ.’

ಮ್ಯಾನೇಜರ್ ಕೆಂಪಾದ. ‘ಎಲ್ಲ ಕಡೆನೂ ಸ್ವಲ್ಪ ಸಡಿಲ ಬಿಡ್ತಾರೆ.’

‘ಫೋಟೋ ಚೌಕಟ್ಟಿನ ಮರಕ್ಕೆ ಬಿಡಿ. ಮನುಷ್ಯ ಕಾಲಿಡೋ ಮರಕ್ಕೂ ಬಿಡ್ತೀರಾ? ಬಿಟ್ಟ ಮೇಲೆ ನನ್ನ ತಲೆಗೆ ಕಟ್ತೀರಾ?’

ಮಾಲೀಕ ಪುಟವನ್ನು ಎರಡು ಸಲ ನೋಡಿದ. ‘ಸರಿಮಾಡಿಸ್ತೀನಿ. ಆಯ್ತಲ್ಲ, ಹೋಗು, ಕೆಲಸ ನೋಡು.’

‘ತಪ್ಪು ನನ್ನದಲ್ಲ ಅಂತ ಬರ್ಕೊಡಿ, ಹೋಗ್ತೀನಿ.’

ಮುಕ್ಕಾಲು ಗಂಟೆ ಅವಳು ನಿಂತಲ್ಲಿಂದ ಕದಲಲಿಲ್ಲ. ಕೊನೆಗೆ ಮಾಲೀಕ ನಾಲ್ಕು ಸಾಲು ಬರೆದು ಸಹಿ ಹಾಕಿದ. ಅಳತೆ ಮತ್ತೆ ಎಂಟಕ್ಕೆ ಇಳಿಯಿತು. ಮ್ಯಾನೇಜರನನ್ನು ಇನ್ನೊಂದು ಕಾರ್ಖಾನೆಗೆ ಕಳಿಸಿದರು, ಇದಕ್ಕಿಂತ ದೊಡ್ಡದಕ್ಕೆ.

ಏಣಿ ತಯಾರಕನಿಂದ ವಿಳಾಸ ಕೇಳಿಕೊಂಡು ಅವಳು ಬಣ್ಣ ಬಳಿಯುವವನ ಮನೆಗೆ ಹೋದಳು. ಅವನ ಎರಡು ಕಾಲೂ ದಿಂಬಿನ ಮೇಲಿದ್ದವು.

‘ನೀವೂ ಅದೇ ಕಾರ್ಖಾನೆಯವರಲ್ವಾ? ಸಮಾಧಾನ ಮಾಡಕ್ಕೆ ಕಳ್ಸಿದ್ರಾ?’ ಎಂದ ಅವನು, ಮುಖ ತಿರುಗಿಸಿ.

‘ಯಾರೂ ಕಳ್ಸಿಲ್ಲ. ಸಮಾಧಾನ ಮಾಡಕ್ಕೂ ಬಂದಿಲ್ಲ. ನನಗೇ ಸಮಾಧಾನ ಇಲ್ಲ.’ ಪ್ರತಿಗಳನ್ನು ಅವನ ಮಡಿಲಲ್ಲಿಟ್ಟಳು. ‘ಇವನ್ನ ಇಟ್ಕೊಳ್ಳಿ. ಎಲ್ಲಿ ಹೇಳಬೇಕೋ ಅಲ್ಲಿಗೆ ಕರೀರಿ, ಬಂದು ಹೇಳ್ತೀನಿ.’

ಅವನು ಬಹಳ ಹೊತ್ತು ಆ ಕೆಂಪು ಚೌಕವನ್ನೇ ನೋಡಿದ. ಆಮೇಲೆ ಹೆಂಡತಿಯನ್ನು ಕರೆದು ಕುರ್ಚಿ ಹಾಕಿಸಿದ.

ಪರಿಹಾರದ ವಿಚಾರಣೆಯ ದಿನ ಅವಳು ರಜೆ ಹಾಕಿ ಹೋಗಿ, ಕಂಡದ್ದನ್ನು ಕಂಡಂತೆ ಹೇಳಿದಳು. ತೀರ್ಪು ಅವನ ಪರವಾಗಿ ಬಂತು. ಅವನ ಹಿಮ್ಮಡಿ ಮಾತ್ರ ಮೊದಲಿನಂತೆ ಆಗಲಿಲ್ಲ; ಅವನು ಮತ್ತೆ ಏಣಿ ಹತ್ತಲಿಲ್ಲ. ಅವಳು ಈಗಲೂ ಬೆಳಿಗ್ಗೆ ಏಳರ ಪಾಳಿಗೆ ಹೋಗಿ ತುಂಡು ಜೋಡಿಸುತ್ತಾಳೆ. ಸಾಕಿನ್ನು ಮರೆತುಬಿಡು ಎಂದು ಯಾರಾದರೂ ಅಂದರೆ, ಮರೆಯಲ್ಲ ಅನ್ನುತ್ತಾಳೆ.