ಅಪ್ಪನ ಕಾಲಿನ ಮೇಲೆ ತೀನತಾಳ

ಗುರುವಾರ, ಬೆಳಿಗ್ಗೆ ಒಂಬತ್ತೂವರೆ. ಅಕ್ಕಲಕೋಟೆಯಲ್ಲಿ ಗೆಳೆಯ ರೇವಪ್ಪನ ಮನೆ. ಇದ್ದವರು ಅವನ ಹೆಂಡತಿ ಶಾಂತಾಬಾಯಿ, ಮಗಳು ಸವಿತಾ, ಮತ್ತು ಸೊಲ್ಲಾಪುರದಿಂದ ಎಂಟರ ಎಸ್ಟಿ ಬಸ್ಸು ಹಿಡಿದು ಬಂದ ನಾನು. ರೇವಪ್ಪ ತೀರಿಕೊಂಡು ಆರು ದಿನ.

ಅವನ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಕಂಡಿಲ್ಲ. ಕಿರಾಣಿ ಅಂಗಡಿಯಲ್ಲಿ ಬೇಳೆ ತೂಗಿ ಕೊಟ್ಟ ಕೈ ಹಾಗೆಯೇ ಎಣ್ಣೆ ಡಬ್ಬಿಯ ಮೇಲೆ ತಾಳ ಹಾಕುತ್ತಿತ್ತು. ಗಿರಾಕಿ ರೇಗಿದರೆ, "ತಡೀರಿ ಅಕ್ಕಾರ, ತಾಳದ್ದು ಇನ್ನೆರಡು ಮಾತ್ರಾ ಉಳದಾವ, ಮುಗಿಸಿ ಸಕ್ಕರಿ ಕೊಡ್ತೀನಿ" ಎನ್ನುತ್ತಿದ್ದ. ಅವರು ನಗುತ್ತಾ ನಿಲ್ಲುತ್ತಿದ್ದರು. ನನ್ನ ಚಾದರಿನ ಅಂಗಡಿಯಲ್ಲಿ ಗಿರಾಕಿಯನ್ನು ಒಂದು ನಿಮಿಷವೂ ಕಾಯಿಸಿದವನಲ್ಲ ನಾನು. ಅಲ್ಲಿ ಯಾರೂ ಹಾಗೆ ನಕ್ಕದ್ದಿಲ್ಲ.

ಹದಿನಾರನೆಯ ವಯಸ್ಸಿನಲ್ಲಿ ಇಬ್ಬರೂ ಒಬ್ಬರೇ ಗುರುಗಳ ಮುಂದೆ ತಬಲಾ ಕಲಿಯಲು ಕೂತೆವು. ನನಗೆ ಬೇಗ ಹತ್ತಿತು, ಅವನಿಗೆ ನಿಧಾನ. ನಾಲ್ಕು ವರ್ಷದ ನಂತರ ನನ್ನ ತಂದೆ ಹಾಸಿಗೆ ಹಿಡಿದರು, ಅಂಗಡಿ ನನ್ನ ಹೆಗಲಿಗೆ ಬಂತು. ತಬಲಾ ಬಿಟ್ಟೆ. ಐದಕ್ಕೆ ಏಳುವುದು, ಆರಕ್ಕೆ ತಂದೆಯ ಔಷಧ, ಒಂಬತ್ತಕ್ಕೆ ಅಂಗಡಿ. ಬಳಗದವರೆಲ್ಲ ಹೊಗಳಿದರು. ಮರುವರ್ಷ ರೇವಪ್ಪನ ತಂದೆಗೆ ಲಕ್ವಾ ಹೊಡೆಯಿತು. ಮದುವೆಯಾಗದ ಇಬ್ಬರು ತಂಗಿಯರು ಬೇರೆ. ಇನ್ನು ಇವನೂ ಬಿಡುತ್ತಾನೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಬಿಡಲಿ ಎಂದು ಕಾದೆ.

ಒಂದು ಸಂಜೆ ನೋಡಲು ಹೋದೆ. ಡಾಕ್ಟರರು ದಿನಕ್ಕೆರಡು ಸಲ ಕಾಲು ತಿಕ್ಕಲು ಹೇಳಿದ್ದರಂತೆ. ರೇವಪ್ಪ ತಂದೆಯ ಮೀನಖಂಡಕ್ಕೆ ಎಣ್ಣೆ ಹಚ್ಚಿ, ಬೆರಳಿನಿಂದಲೂ ಅಂಗೈಯಿಂದಲೂ ತಟ್ಟುತ್ತಾ ತೀನತಾಳ ಬಾರಿಸುತ್ತಿದ್ದ.

"ಏನಲೇ, ಅದು ಅಪ್ಪನ ಕಾಲು ಅನ್ನೂದು ಖಬರ ಐತೋ ಇಲ್ಲೋ?" ಎಂದೆ.

ಮುದುಕರು ಸೊಟ್ಟ ಬಾಯಿಯಲ್ಲೇ ನನ್ನನ್ನು ಗದರಿದರು. "ಬಾರಸ್ಲಿ ಬಿಡೋ. ಎಡಗಾಲಿಗಿ ಏನೂ ತಿಳಿಯಂಗಿಲ್ಲ. ಬಲಗಾಲಾಗ ತಾಳ ತಪ್ಪಿದ್ರ ನಾ ಹೇಳ್ತೀನಿ."

"ನೋಡು ಸಾವಕಾರ, ಗುರುಗಳು ವಾರಕ್ಕ ಎರಡು ಸಲ ಕಲಿಸ್ತಿದ್ರು. ಇವ್ರು ದಿನಾ ಎರಡು ಸಲ!" ಎಂದು ರೇವಪ್ಪ ನಕ್ಕ.

ಊರು ಮುಟ್ಟುವವರೆಗೂ ಹೊಟ್ಟೆ ಉರಿಯಿತು. ನನ್ನ ತಂದೆಯ ಕಾಲನ್ನೂ ನಾನೇ ಒತ್ತುತ್ತಿದ್ದೆ, ಗಡಿಯಾರ ನೋಡಿ ಇಪ್ಪತ್ತು ನಿಮಿಷ. ನಾನು ತಬಲಾ ಕಲಿತಿದ್ದೆನೆಂಬುದೇ ಅವರಿಗೆ ಮರೆತುಹೋಗಿತ್ತು.

ಮುಂದೆ ಸೊಲ್ಲಾಪುರದ ಒಂದು ಸಂಗೀತ ಕಾರ್ಯಕ್ರಮಕ್ಕೆ ರೇವಪ್ಪನಿಗೆ ಕರೆ ಬಂತು, ಮೊದಲ ಸಲ. "ಅವತ್ತೊಂದ ಸಂಜಿ ಅಪ್ಪನ ಹಂತೇಕ ಕುಂದರ್ತಿಯೇನೋ? ಎತ್ತಿ ಕುಂದರಸಾಕ ತಂಗ್ಯಾರ ಕೈಲೆ ಆಗಂಗಿಲ್ಲ" ಎಂದು ಕೇಳಿದ. ಅಂಗಡಿಗೆ ಮಾಲು ಬರುವುದಿದೆ ಎಂದೆ. ಯಾವ ಮಾಲೂ ಬರುವುದಿರಲಿಲ್ಲ. ಆ ದಿನ ಹೋಗಿ ಕೊನೆಯ ಸಾಲಿನಲ್ಲಿ ಕೂತೆ, ಅವನು ಬಂದಿಲ್ಲವೆಂದು ಖಾತ್ರಿ ಮಾಡಿಕೊಳ್ಳಲು. ರೇವಪ್ಪ ಬಂದ. ಟೆಂಪೋದಲ್ಲಿ ತಂದೆಯನ್ನು ಕರೆತಂದು, ಬೆನ್ನ ಮೇಲೆ ಹೊತ್ತು, ವೇದಿಕೆಯ ಪಕ್ಕದ ಗಾದಿಯಲ್ಲಿ ಮಲಗಿಸಿದ. ಒಂದು ರಾಗ ಮುಗಿದೊಡನೆ ಎದ್ದು ಹೋಗಿ ನೀರು ಕುಡಿಸಿದ. ಚೆನ್ನಾಗಿ ಬಾರಿಸಿದ. ಎರಡು ಕಡೆ ತಪ್ಪಿದ. ಆ ಎರಡನ್ನೂ ನಾನು ಇಂದಿಗೂ ತೋರಿಸಬಲ್ಲೆ.

ಇವತ್ತು ಸವಿತಾ ಕಾಗದ, ಪೆನ್ನು ತಂದಿಟ್ಟಳು. "ಕಾಕಾ, ಅಪ್ಪಾರ ಕಾರ್ಯದ ಕಾರ್ಡಿಗಿ ಕನ್ನಡದಾಗ ನಾಕ ಸಾಲು ಬರದು ಕೊಡ್ರಿ. ಮರಾಠಿ ನಾ ಬರೀತೀನಿ. ಕನ್ನಡ ನನಗ ಮಾತಾಡಾಕ ಅಷ್ಟ ಬರ್ತೈತಿ."

ಹನ್ನೊಂದಕ್ಕೆ ಕೂತು ಹನ್ನೊಂದೂಕಾಲಿಗೆ ಮುಗಿಸಿದೆ. ಗಟ್ಟಿಯಾಗಿ ಓದಿದೆ: "ತಂದೆಯ ಸೇವೆಗಾಗಿ, ಮನೆತನಕ್ಕಾಗಿ ತಮ್ಮ ಕಲೆಯನ್ನು ಬದಿಗಿಟ್ಟ ತ್ಯಾಗಜೀವಿ..."

ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದ ಶಾಂತಾಬಾಯಿ ತಲೆ ಎತ್ತಿದರು. "ಅಣ್ಣಾರ, ಇವ್ರು ಯಾವಾಗ ಬಾಜೂಕ ಇಟ್ಟಿದ್ರು? ಹೋದ ತಿಂಗಳ ತನಾ ಬಾರಿಸ್ಯಾರ. ಅದು ನಿಮ್ಮದು ಬರದೀರಿ ನೋಡ್ರಿ."

ಅವರ ದನಿಯಲ್ಲಿ ಕೊಂಕಿರಲಿಲ್ಲ. ಮತ್ತೆ ಸೊಪ್ಪಿಗೆ ಕೈ ಹಾಕಿದರು.

ಆ ಸಾಲನ್ನು ಹೊಡೆದುಹಾಕಿದೆ. ಅದರ ಜಾಗದಲ್ಲಿ ಇನ್ನೊಂದು ಬರೆಯಲು ಒಂದು ಗಂಟೆ ಹಿಡಿಯಿತು: "ಮನೆಯನ್ನು ನೋಡಿಕೊಂಡರು. ತಬಲಾವನ್ನೂ ಬಿಡಲಿಲ್ಲ." ಎರಡು ಸಲ ತಿದ್ದಿ ನೋಡಿ, ಹನ್ನೆರಡೂವರೆಗೆ ಬಸ್‌ಸ್ಟ್ಯಾಂಡಿನ ಹಾದಿಯ ಪ್ರೆಸ್ಸಿನಲ್ಲಿ ಕೊಟ್ಟೆ.