ಇಂದ್ರಮ್ಮನ ಬಲಗೈ

ಕೊಪ್ಪದ ಹಾಲಿನ ಡೇರಿಯಲ್ಲಿ ಹನ್ನೆರಡು ವರ್ಷದಿಂದ ಹಾಲು ಅಳೆಯುವವನು ನಾನು, ರಘುನಂದನ್. ಬೆಳಗಿನ ಗಡಿಬಿಡಿಯಲ್ಲಿ ಯಾರ ಮುಖವನ್ನೂ ನೋಡಲಾಗುವುದಿಲ್ಲ, ಕ್ಯಾನು ಎತ್ತಿ ಸುರಿಯುವ ಕೈಗಳನ್ನು ಮಾತ್ರ ನೋಡುತ್ತೇನೆ. ನಮ್ಮ ಎದುರು ಮನೆಯ ಇಂದ್ರಮ್ಮನ ಬಲಗೈ ಗೆಣ್ಣುಗಳ ಮೇಲೆ ತಿಂಗಳಿಗೊಂದು ಹೊಸ ಗಾಯ ಇರುತ್ತಿತ್ತು. ಅದು ಹೇಗಾಯಿತೆಂದು ಕೇಳುವ ಅಗತ್ಯ ನನಗಿರಲಿಲ್ಲ. ಬೆಳಗಿನ ಐದೂವರೆಗೆ ನನ್ನ ಜಗಲಿಗೇ ಎಲ್ಲ ಕೇಳಿಸುತ್ತಿತ್ತು. ಕೇಳಿಸಿಕೊಂಡೂ ಬಾಯಿ ಮುಚ್ಚಿಕೊಂಡಿದ್ದ ಹೇಡಿ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಅವಳ ಗಂಡ ಜಯಪ್ರಕಾಶ್ ದುದ್ದದ ಕಡೆಯ ಒಂದು ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದ. ದಿನಾ ಬೈಕಿನಲ್ಲಿ ಓಡಾಟ. ಕೈ ಮೊದಲು, ಮಾತು ಆಮೇಲೆ ಎನ್ನುವ ಆಸಾಮಿ. ಬಸ್ಸಿನ ಕಂಡಕ್ಟರಿಗೆ ಹೊಡೆದಿದ್ದ, ಬದುವಿನ ಜಗಳದಲ್ಲಿ ಸ್ವಂತ ಅಣ್ಣನ ತಲೆ ಒಡೆದಿದ್ದ. ನಾಲ್ಕು ವರ್ಷದ ಹಿಂದೆ ಅವನ ಬೈಕು ಟಕಟಕ ಸದ್ದು ಮಾಡತೊಡಗಿತು. ಎಂಜಿನ್ನಿನ ತಲೆಯಲ್ಲಿ ಎರಡು ವಾಲ್ವುಗಳಿರುತ್ತವೆ. ಅವನ್ನು ಒತ್ತುವ ಟ್ಯಾಪೆಟ್ಟಿಗೂ ಅವಕ್ಕೂ ನಡುವೆ ಕೂದಲೆಳೆಯಷ್ಟು ಸಂದು ಇರಬೇಕು. ಸಂದು ಹೆಚ್ಚಾದರೆ ಸದ್ದು, ಇಲ್ಲದಿದ್ದರೆ ವಾಲ್ವು ಸುಟ್ಟುಹೋಗುತ್ತದೆ. ಜಯಪ್ರಕಾಶ್ ಬಿಸಿ ಬೈಕನ್ನು ಮೆಕ್ಯಾನಿಕ್ ವಾಜಿದನ ಅಂಗಡಿ ಮುಂದೆ ನಿಲ್ಲಿಸಿದ.

"ಎಂಜಿನ್ ಕಾದೈತೆ ಅಣ್ಣ. ರಾತ್ರಿ ಇಲ್ಲೇ ಬುಟ್ಟೋಗಿ, ಬೆಳಿಗ್ಗೆ ತಣ್ಣಗಾದ್ಮೇಲೆ ಮಾಡ್ಕೊಡ್ತೀನಿ," ಎಂದ ವಾಜಿದ್.

"ಈಗ್ಲೇ ಮಾಡ್ಲಾ."

"ಬಿಸೀಲಿ ಮಾಡಿದ್ರೆ ಅಳತೆ ಸಿಕ್ಕಲ್ಲ ಅಣ್ಣ."

ಜಯಪ್ರಕಾಶ್ ತಲೆಯ ಮೇಲಿನ ಹೆಲ್ಮೆಟ್ ತೆಗೆದು ಅವನ ಬಾಯಿಗೆ ಬೀಸಿದ. ವಾಜಿದನ ಎರಡು ಮುಂಬಲ್ಲು ಗ್ರೀಸಿನ ತಟ್ಟೆಗೆ ಬಿದ್ದವು. ಅವತ್ತಿನಿಂದ ಮದ್ದೂರಿನವರೆಗೆ ಒಬ್ಬ ಮೆಕ್ಯಾನಿಕ್ಕೂ ಆ ಬೈಕನ್ನು ಮುಟ್ಟಲಿಲ್ಲ. ಹೆದರಿಯಲ್ಲ, ವಾಜಿದನ ಮೇಲಿನ ಮರ್ಯಾದೆಗೆ. ಆಗ ಜಯಪ್ರಕಾಶ್ ಸ್ಪ್ಯಾನರ್ ಸೆಟ್ಟು, ಸಂದು ಅಳೆಯುವ ತೆಳು ತಗಡಿನ ಪಟ್ಟಿ ಎಲ್ಲ ತಂದು ಮನೆಯಲ್ಲೇ ಶುರುಮಾಡಿದ.

ಎಂಜಿನ್ನು ತಣ್ಣಗಿರಬೇಕೆಂಬ ಪಾಠವನ್ನು ಒಬ್ಬನ ಹಲ್ಲು ಉದುರಿಸಿ ಕಲಿತಿದ್ದನಲ್ಲ, ಹಾಗಾಗಿ ಬೆಳಗಿನ ಜಾವವೇ ಕೆಲಸ. ಇಂದ್ರಮ್ಮ ಟಾರ್ಚ್ ಹಿಡಿಯಬೇಕು. ಬೆಳಕು ಅಲುಗಿದರೆ ಸ್ಪ್ಯಾನರಿನಿಂದ ಗೆಣ್ಣಿನ ಮೇಲೊಂದು ಏಟು. ಏಟು ಬಿದ್ದ ಕೈ ಅಲುಗದೆ ಇರುತ್ತದೆಯೇ? ಅಲುಗಿದ್ದಕ್ಕೆ ಇನ್ನೊಂದು.

ತಮಾಷೆ ಎಂದರೆ, ತಪ್ಪು ಟಾರ್ಚಿನದಾಗಿರಲಿಲ್ಲ. ಪಕ್ಕದ ಮುಚ್ಚಳ ತೆಗೆದು ಎಂಜಿನ್ನು ತಿರುಗಿಸಿದರೆ ಒಳಗಿನ ಚಕ್ರದ ಮೇಲೆ, ಸಂದು ಯಾವಾಗ ಅಳೆಯಬೇಕೆಂದು ತೋರಿಸುವ ಒಂದು ಗುರುತು ಕಾಣುತ್ತದೆ. ಆ ಗುರುತು ಎರಡು ಸುತ್ತಿಗೆ ಎರಡು ಸಲ ಬರುತ್ತದೆ, ಸರಿಯಾದದ್ದು ಮಾತ್ರ ಒಂದೇ. ಇವನು ಕಂಡ ಕೂಡಲೇ ಬಿಗಿಯುವ, ಸಡಿಲಿಸುವ ಗಿರಾಕಿ. ತಪ್ಪು ಸುತ್ತಿನಲ್ಲಿ ಮಾಡಿದಾಗ ಸಂದು ಬಾಯಿ ಬಿಟ್ಟುಕೊಂಡು ಬೈಕು ಮತ್ತೆ ಟಕಟಕ ಎನ್ನುತ್ತಿತ್ತು. "ನೀನು ಸರ್ಯಾಗಿ ಬೆಳಕು ಬುಟ್ಟಿದ್ರೆ ಇಂಗಾಯ್ತಿತ್ತಾ?" ಎಂದು ಮರುದಿನ ಮತ್ತೆ ಎಬ್ಬಿಸುತ್ತಿದ್ದ. ಅದೃಷ್ಟಕ್ಕೆ ಸರಿ ಸುತ್ತು ಸಿಕ್ಕಿದರೆ ಆ ತಿಂಗಳು ಅವಳ ಕೈಗೆ ಸುಖ.

ಇಂದ್ರಮ್ಮನಿಗೆ ಸರಿ ಸುತ್ತು ಯಾವುದೆಂದು ಗೊತ್ತಿತ್ತು. ಹಿಂದೊಮ್ಮೆ ಹಿಂಡಿ ಮೂಟೆ ತರಲು ಹೋದಾಗ ವಾಜಿದ್ ಯಾರದೋ ಬೈಕಿಗೆ ಮಾಡುವುದನ್ನು ನೋಡಿ ಕೇಳಿದ್ದಳು. "ಪ್ಲಗ್ ಬಿಚ್ಚಿ ತೂತಿನ ಮೇಲೆ ಹೆಬ್ಬೆಟ್ಟು ಇಡ್ಬೇಕು ಅಕ್ಕ. ಗಾಳಿ ಬೆರಳನ್ನ ತಳ್ಳುದ್ಮೇಲೆ ಬರೋ ಗುರುತೇ ಸರಿ," ಎಂದು ಹೇಳಿಕೊಟ್ಟಿದ್ದ.

ಯುಗಾದಿ ಮುಗಿದ ಮರುವಾರ ತಡೆಯಲಾರದೆ ಬಾಯಿಬಿಟ್ಟಳು. "ಇದು ಆ ಸುತ್ತಲ್ಲ. ಇನ್ನೊಂದು ಸುತ್ತು ತಿರುಗ್ಸಿ."

"ನಂಗೇ ಏಳ್ಕೊಡ್ತೀಯೇನೇ, ಮುಂಡೆ?"

ಅವಳ ಬಲಗೈಯನ್ನು ಬೈಕಿನ ಫುಟ್‌ರೆಸ್ಟಿನ ಮೇಲೆ ಒತ್ತಿ ಹಿಡಿದು ಹೆಬ್ಬೆರಳಿಗೆ ಸ್ಪ್ಯಾನರಿನಿಂದ ಹೊಡೆದ. ಒಂದು ಸಲವಲ್ಲ, ಮೂರು ಸಲ. ನಾನು ಜಗಲಿಯ ಮೇಲೆ ಎಣಿಸುತ್ತ ಕೂತಿದ್ದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನು ಯಾವ ಪುಣ್ಯಾತ್ಮ ಕಟ್ಟಿದನೋ, ಅವನ ಹೆಬ್ಬೆರಳನ್ನೂ ಆ ಕಬ್ಬಿಣದ ಮೇಲಿಟ್ಟು ನೋಡಬೇಕಿತ್ತು.

ಹೆಬ್ಬೆರಳಿಲ್ಲದೆ ಹಾಲು ಕರೆಯಲಾಗದು. ಮನೆಯ ಅಕ್ಕಿ ಬೇಳೆ, ಮಂಡ್ಯದ ಹಾಸ್ಟೆಲಿನಲ್ಲಿದ್ದ ಮಗಳು ದೀಪಿಕಳ ಓದು, ಎಲ್ಲ ನಡೆಯುತ್ತಿದ್ದದ್ದು ಒಂದು ಹಸುವಿನಿಂದ. ಆ ಹಸು ಇಂದ್ರಮ್ಮನನ್ನು ಬಿಟ್ಟು ಯಾರ ಕೈಗೂ ಹಾಲಿನ ಸೊರೆ ಬಿಡುತ್ತಿರಲಿಲ್ಲ. ಜಯಪ್ರಕಾಶ್ ಕರೆಯಲು ಕೂತ, ಅದು ಒದೆಯಿತು. ಅವನು ಗೂಟ ಕಿತ್ತು ಅದರ ಪಕ್ಕೆಯ ಚರ್ಮ ಒಡೆಯುವವರೆಗೆ ಬಡಿದ. ಹಾಲು ಕಟ್ಟಿ ಕೆಚ್ಚಲು ಬಾತು, ಒಂದು ಮೊಲೆ ಬತ್ತಿಯೇ ಹೋಯಿತು.

ಇಂದ್ರಮ್ಮ ಎಡಗೈ ಒಂದರಲ್ಲೇ ಬಂದಷ್ಟು ಹಿಂಡಿಕೊಂಡು ದಿನ ದೂಡಿ, ಎರಡು ತಿಂಗಳ ಮೇಲೆ ಸೊಟ್ಟ ಹೆಬ್ಬೆರಳಿನಲ್ಲೇ ಕ್ಯಾನು ಹಿಡಿದು ಡೇರಿಗೆ ಬಂದಳು. "ಇನ್ನೊಂದ್ಸಲ ಈ ಕೈ ಮುರುದ್ರೆ ಹಸ ಮಾರ್ಬೇಕಾಯ್ತದೆ ರಘಣ್ಣ. ಆಮೇಲೆ ನನ್ ಮಗಳು ಓದು ಬುಟ್ಟು ಮನೇಗೆ ಬಂದು ಕೂತ್ಕೋತಾಳೆ." ನಾನು ಹಾಲು ಅಳೆದು ಚೀಟಿ ಕೊಟ್ಟೆ. ಅಷ್ಟೇ ಮಾಡಿದ್ದು.

ಗೌರಿ ಹಬ್ಬದ ಹಿಂದಿನ ದಿನ ಬೆಳಗ್ಗೆ ಮತ್ತೆ ಎದುರು ಅಂಗಳದಲ್ಲಿ ಬೈಕು ಬಿಚ್ಚಿಕೊಂಡು ಕೂತಿತು. ಇಂದ್ರಮ್ಮ ಎಡಗೈಯಲ್ಲಿ ಟಾರ್ಚ್ ಹಿಡಿದಿದ್ದಳು, ಬಲಗೈಯನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು.

"ಎಡಗೈಲೇನೇ ಹಿಡಿಯೋದು? ಆ ಕೈ ತೆಗಿ."

"ಈ ಕೈ ಕೊಡಾಕಿಲ್ಲ."

ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ಕತ್ತಿನ ಬುಡಕ್ಕೆ. ಅವಳು ಮಂಡಿಯೂರಿದಳು. ಅವನು ಸೆರಗು ಹರಿದು ಬಲಗೈಯನ್ನು ಎಳೆದು ಮತ್ತೆ ಅದೇ ಫುಟ್‌ರೆಸ್ಟಿನ ಮೇಲೆ ಇಟ್ಟು ಸ್ಪ್ಯಾನರ್ ಎತ್ತಿದ. ಇಂದ್ರಮ್ಮ ಟಾರ್ಚ್ ಎಸೆದು ಎಡಗೈಯಲ್ಲಿ ಸ್ಪ್ಯಾನರ್ ಎತ್ತಿದ ಅವನ ಮಣಿಕಟ್ಟು ಹಿಡಿದಳು. ಇಪ್ಪತ್ತು ವರ್ಷ ದಿನಕ್ಕೆರಡು ಹೊತ್ತು ಹಾಲು ಕರೆದ ಕೈ. ಅದರ ಬಲ ಆ ಮೂರ್ಖನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಇನ್ನೊಂದು ಕೈಯಿಂದ ಅವಳ ಮುಖಕ್ಕೆ ಗುದ್ದಿದ, ತುಟಿ ಒಡೆದು ರಕ್ತ ಸುರಿಯಿತು. ಅವಳು ಬಿಡಲಿಲ್ಲ. ಮತ್ತೆ ಗುದ್ದಿದ. ಅವಳು ಆ ಮಣಿಕಟ್ಟನ್ನು ತಿರುಚಿ ಫುಟ್‌ರೆಸ್ಟಿನ ಮೇಲೆಳೆದು, ಅದರ ಮೇಲೆ ಮಂಡಿ ಏರಿಸಿ ಇಡೀ ಮೈ ಭಾರ ಬಿಟ್ಟಳು. ಮೂಳೆ ಲಟಕ್ಕೆಂದದ್ದು ರಸ್ತೆಯಾಚೆಗೂ ಕೇಳಿಸಿತು.

ಆಗ ನಾನು ಓಡಿದೆ. ನಾಚಿಕೆಯಾಗಬೇಕು ನನಗೆ, ಅವನು ಕಿರುಚಿದ ಮೇಲೆ ಓಡಿದೆ.

"ಬಂದ್ರಾ ರಘಣ್ಣ? ಟಾರ್ಚ್ ಹಿಡ್ಕಳಿ," ಎಂದಳು ಇಂದ್ರಮ್ಮ. "ಗಾಡಿ ಬಿಚ್ಚಿ ಬಿದ್ದದೆ. ಇದನ್ನ ಕಟ್ದೆ ಆಸ್ಪತ್ರೆಗೆ ಓಗೋದೆಂಗೆ?"

ಪ್ಲಗ್ ಬಿಚ್ಚಿದಳು. ಸೊಟ್ಟ ಹೆಬ್ಬೆರಳನ್ನು ತೂತಿನ ಮೇಲಿಟ್ಟು ಎಂಜಿನ್ನು ತಿರುಗಿಸಿದಳು. ಗಾಳಿ ತಳ್ಳಿದ ಮೇಲೆ ಗುರುತು ಹಿಡಿದು, ತಗಡಿನ ಪಟ್ಟಿ ತೂರಿಸಿ, ಅದು ಸ್ವಲ್ಪ ಹಿಡಿದು ಹಿಡಿದು ಜಾರುವಷ್ಟಕ್ಕೆ ಸ್ಕ್ರೂ ತಿರುಗಿಸಿ ನಟ್ಟು ಬಿಗಿದಳು. ನನ್ನ ಕೈಯಲ್ಲೂ ಬೆಳಕು ಅಲುಗಿತು. ಅವಳು ಎರಡು ಬೆರಳಿನಿಂದ ಟಾರ್ಚಿನ ಮೂತಿಯನ್ನು ಸರಿ ಜಾಗಕ್ಕೆ ತಿರುಗಿಸಿಟ್ಟಳು. ಜಯಪ್ರಕಾಶ್ ಕಲ್ಲಿಗೆ ಒರಗಿ ಕೂಗುತ್ತಲೇ ಇದ್ದ. ಎಲ್ಲ ಮುಗಿಸಿ ಕೈ ತೊಳೆದವಳು ನೇರ ಕೊಟ್ಟಿಗೆಗೆ ಹೋದಳು. "ಓಗಾನ ನಡೀರಿ," ಎಂದು ನಾನು ಅವಸರ ಮಾಡಿದೆ. "ಕೆಚ್ಚಲು ಕಟ್ಕಂಡದೆ. ಅವ್ನು ತಡ್ಕೋತಾನೆ," ಎಂದು ಕರೆಯಲು ಕೂತಳು.

ಬೈಕನ್ನು ನಾನು ಓಡಿಸಿದೆ, ನಡುವೆ ಜಯಪ್ರಕಾಶ್, ಹಿಂದೆ ಅವಳು. ಮದ್ದೂರಿನವರೆಗೆ ಎಂಜಿನ್ನಿನಿಂದ ಒಂದು ಟಕ್ ಎಂಬ ಸದ್ದಿಲ್ಲ.

ಆಸ್ಪತ್ರೆಯ ಡಾಕ್ಟರು ಬಾತ ಕೈ ನೋಡಿ ಹೇಗಾಯಿತೆಂದು ಕೇಳಿದರು. ಜಯಪ್ರಕಾಶ್ ಗೋಡೆಯ ಕಡೆ ಮುಖ ತಿರುಗಿಸಿದ.

"ನಾನೇ ಮುರುದೆ ಸಾ," ಎಂದಳು ಇಂದ್ರಮ್ಮ. "ಬರ್ಕಳಿ."

"ಯಾಕಮ್ಮ?"

ಅವಳು ತನ್ನ ಬಲಗೈಯನ್ನು ಮೇಜಿನ ಮೇಲೆ ಬಿಚ್ಚಿಟ್ಟಳು.

"ಇದನ್ನ ಉಳುಸ್ಕೋಬೇಕಿತ್ತು ಸಾ."