ಪೋಪರ ರಾಯಭಾರಿ ಮತ್ತು ನಮ್ಮ ಮನೆಯ ತೊಟ್ಟಿಲು

ನನ್ನ ಮಗಳಿಗೆ ಆರು ತಿಂಗಳಾಗುವವರೆಗೆ ಹೆಸರಿರಲಿಲ್ಲ. ಮನೆಯವರೆಲ್ಲ ‘ಕೂಸು’ ಎನ್ನುತ್ತಿದ್ದೆವು. ದವಾಖಾನೆಯ ನರ್ಸಬಾಯಿ ಲಸಿಕೆ ಹಾಕುವಾಗಲೆಲ್ಲ, “ಇನ್ನೂ ಕೂಸೇನ್ರಿ?” ಎಂದು ಕೇಳಿ ನನ್ನ ಮುಖ ನೋಡುತ್ತಿದ್ದಳು. ಹಾಗಂತ ಹೆಸರಿಗೆ ಬರ ಬಂದಿರಲಿಲ್ಲ. ನಾನೂ ನನ್ನ ಹೆಂಡತಿಯೂ ಸೇರಿ ಒಂದು ಬುಟ್ಟಿಯಷ್ಟು ಹೆಸರು ಆರಿಸಿಟ್ಟಿದ್ದೆವು. ಇಡಬೇಕಾದವಳು ಬರಲೊಲ್ಲೆ ಎಂದು ಕೂತಿದ್ದಳು.

ನಮ್ಮ ಕಡೆ ಕೂಸಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ನನಗಿರುವವಳು ಒಬ್ಬಳೇ ಅಕ್ಕ. ಅವಳನ್ನು ಕೊಟ್ಟದ್ದು ಬಾದಾಮಿ ಹತ್ತಿರದ ಚೊಳಚಗುಡ್ಡಕ್ಕೆ. ಗಂಡನ ಎಲೆಬಳ್ಳಿ ತೋಟ, ಎರಡು ಎಮ್ಮೆ, ಮನೆ ತುಂಬ ಜನ, ಇಷ್ಟನ್ನೆಲ್ಲ ಸಂಭಾಳಿಸಿಕೊಂಡು ನಮ್ಮ ಇಳಕಲ್ಲ ಎಂಬ ಊರು ಭೂಮಿಯ ಮೇಲೆ ಇಲ್ಲವೇ ಇಲ್ಲ ಎನ್ನುವ ಹಾಗೆ ಇದ್ದಳು.

ಜಗಳ ಹುಟ್ಟಿದ್ದು ನನ್ನ ಮದುವೆಯಲ್ಲಿ, ಅದೂ ಸೀರೆಯಿಂದ. ನೇಕಾರರ ಮನೆಯಲ್ಲಿ ಇನ್ನಾವುದರಿಂದ ಹುಟ್ಟಬೇಕು? ಮದುವೆಯಲ್ಲಿ ಬಂಧುಗಳಿಗೆ ಬಟ್ಟೆ ಕೊಡುವ ಆಯೇರಿಯನ್ನು ಆ ಸಲ ಅಪ್ಪನೇ ನೋಡಿಕೊಂಡ. ಅವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಅವಳಿದ್ದರೆ ಯಾವ ಗಂಟು ಯಾರಿಗೆ ಎಂದು ಅವಳೇ ನಿಂತು ನೋಡುತ್ತಿದ್ದಳು. ಅಕ್ಕ ಮನೆಗೆ ಹೋಗಿ ಗಂಟು ಬಿಚ್ಚಿದರೆ ಒಳಗೆ ಚಮಕಾ ಸೆರಗಿನ ಸೀರೆ. ಚಮಕಾ ಅಂದರೆ ರೇಷ್ಮೆಯಂತೆ ಹೊಳೆಯುವ, ಆದರೆ ರೇಷ್ಮೆಯಲ್ಲದ ನೂಲು. ದೂರದ ನೆಂಟರಿಗೆ ಕೊಡುವಂಥದ್ದು. ಮಗ್ಗದ ಸದ್ದಿನಲ್ಲೇ ಬೆಳೆದ ಹೆಣ್ಣುಮಗಳಿಗೆ, ಇಬ್ಬರೇ ಮಕ್ಕಳಿರುವ ಮನೆಯ ಹಿರಿಮಗಳಿಗೆ ಚಮಕಾ!

ಮರುದಿನವೇ ಆ ಸೀರೆ ಇಳಕಲ್ಲ ಬಸ್ಸಿನ ಡ್ರೈವರನ ಕೈಯಲ್ಲಿ ವಾಪಸು ಬಂತು. ಹಿಂದೆಯೇ ಫೋನೂ ಬಂತು. “ಅವ್ವ ಇದ್ದಿದ್ರ ನನಗ ಚಮಕಾ ಬರ್ತಿತ್ತೇನಪಾ?” ಎಂದಳು. ಅಪ್ಪ ಫೋನು ಇಟ್ಟುಬಿಟ್ಟ. ಅಷ್ಟೇ. ಅಲ್ಲಿಂದ ಮಾತು ಬಂದ್.

ಕೂಸು ಹುಟ್ಟಿದಾಗ ಹುನಗುಂದದ ನಮ್ಮ ಬೀಗರು ತೊಟ್ಟಿಲು ಕಟ್ಟಿಕೊಂಡು ಕಾದರು. ಅಕ್ಕ ಬರಲಿಲ್ಲ. ಚಿಕ್ಕಪ್ಪನ ಮಗಳ ಕೈಯಿಂದ ಹೆಸರಿಡಿಸೋಣ ಎಂದರೆ ಅಪ್ಪ ಒಪ್ಪಲಿಲ್ಲ. “ಆಕೀನ ಬಂದ ಇಡಬೇಕು” ಎಂದ. ಹಾಗಾದರೆ ಒಂದು ಮಾತು ಹೇಳಿ ಕರೆಯಪ್ಪಾ ಎಂದರೆ, “ನಾ ಏನೂ ಹೇಳೂದಿಲ್ಲ” ಎಂದ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ಮನುಷ್ಯನ ಜೊತೆ ಏನು ಮಾಡುತ್ತೀರಿ? ನನಗಂತೂ ತಲೆ ಕೆಟ್ಟುಹೋಗಿತ್ತು. ನನ್ನ ಮಗಳು ಅಪ್ಪ-ಅಕ್ಕನ ಹಟದ ನಡುವೆ ಅನಾಮಿಕಳಾಗಿ ಕೈಕಾಲು ಬಡಿಯುತ್ತಿದ್ದಳು.

ಸಂಧಾನಕ್ಕೆ ಹೋದವರು ಕಡಿಮೆಯೇನಿಲ್ಲ. ಕಾಕಾ ಹೋದ. ಅಕ್ಕನ ಕೈಯ ಹೋಳಿಗೆ ತಿಂದು ಬಂದು, “ಆಕಿ ಹೇಳೂದೂ ಖರೆ ಐತಿ” ಎಂದ. ಓಣಿಯ ಹಿರಿಯರೊಬ್ಬರು ಹೋಗಿ, ಅವಳು ಆಡಿದ ಮಾತಿಗೆ ಉಪ್ಪು ಖಾರ ಹಚ್ಚಿ ಅಪ್ಪನ ಮುಂದೆ ಬಡಿಸಿದರು. ಪ್ರತಿಯೊಬ್ಬರು ಹೋಗಿ ಬಂದಾಗಲೂ ಜಗಳಕ್ಕೆ ಒಂದೊಂದು ಹೊಸ ಕೊಂಬೆ ಚಿಗುರುತ್ತಿತ್ತು.

ಆಗ ನಮ್ಮೂರಿನಲ್ಲಿ ಸಿಸ್ಟರುಗಳು ನಡೆಸುವ ಒಂದು ಶಾಲೆ ಇತ್ತು. ಅದರ ಹೆಡ್ ಮಿಸ್ಟ್ರೆಸ್ಸು ಮಂಗಳೂರು ಕಡೆಯ ಸನ್ಯಾಸಿನಿ. ಎಲ್ಲರಿಗೂ ಅವರು ‘ಸಿಸ್ಟರ್’. ನಮ್ಮ ಸೀರೆ ಅಂಗಡಿಯ ಗಿರಾಕಿ. ಒಂದು ದಿನ ಅವರು ತಮ್ಮನನ್ನು ಕರೆದುಕೊಂಡು ಬಂದರು. ಆ ತಮ್ಮ ಪಾದ್ರಿಗಳು. ಆದರೆ ಯಾವ ಚರ್ಚಿನಲ್ಲೂ ಅಲ್ಲ, ಪೋಪರ ರಾಯಭಾರ ಕಚೇರಿಯಲ್ಲಿ ಕೆಲಸ. ಆಫ್ರಿಕಾದ ಒಂದು ದೇಶದಲ್ಲಿ ಇದ್ದರು. ಅಲ್ಲಿ ಒಳಯುದ್ಧ ನಡೆದಿತ್ತು. ರಜೆಗೆ ಊರಿಗೆ ಬಂದವರು ತಮ್ಮ ಅಕ್ಕ ಸಿಸ್ಟರನ್ನು ನೋಡಿ, ಹಾಗೇ ಬಾದಾಮಿ ನೋಡಿಕೊಂಡು ಹೋಗಲು ಬಂದಿದ್ದರು.

ಅಪ್ಪ ಗಾದಿಯ ಮೇಲೆ ಜಾಗ ಮಾಡಿಕೊಟ್ಟು, ಹಣೆಯ ವಿಭೂತಿ ಸರಿಮಾಡಿಕೊಂಡು ವಿಚಾರಣೆಗೆ ಕೂತ.

“ಅಂದ್ರ ನೀವು ಜಗದ್ಗುರುಗಳ ವಕೀಲ್ರು ಅನ್ರಿ.”

“ಹಾಗೆಂದರೂ ಆಯಿತು” ಎಂದು ಅವರು ನಕ್ಕರು.

“ಪೋಪರಿಗೆ ದೇಶ ಐತೇನ್ರಿ?”

“ಉಂಟು. ನಿಮ್ಮ ಇಳಕಲ್ಲಿಗಿಂತ ಸಣ್ಣದು.”

“ದಂಡು?”

“ಅದೂ ಉಂಟು. ಸುಮಾರು ನೂರು ಜನ. ಪಟ್ಟೆ ಪಟ್ಟೆ ಬಟ್ಟೆ ಹಾಕಿ, ಕೈಯಲ್ಲಿ ಭರ್ಚಿ ಹಿಡಿದು ನಿಲ್ಲುತ್ತಾರೆ.”

“ನೂರ ಮಂದಿ ಭರ್ಚಿ ಹಿಡಕೊಂಡ ನಿಂತ್ರ ಯಾರ ಅಂಜತಾರ್ರೀ?”

“ಯಾರೂ ಅಂಜುವುದಿಲ್ಲ. ಅದಕ್ಕೇ ನಮ್ಮನ್ನು ಎಲ್ಲರೂ ಒಳಗೆ ಬಿಡುತ್ತಾರೆ.”

ಅಪ್ಪನಿಗೆ ಈ ಉತ್ತರ ಬಹಳ ಹಿಡಿಸಿತು. ಆಮೇಲೆ ಆ ಪಟ್ಟೆಯ ಬಣ್ಣ ಯಾವುದು, ಅಗಲ ಎಷ್ಟು ಎಂದು ಕೇಳುವುದರಲ್ಲಿ ಮುಳುಗಿದ. ನನ್ನ ತಲೆಯಲ್ಲಿ ಮಾತ್ರ ಬೇರೆಯೇ ಲೆಕ್ಕ ಓಡುತ್ತಿತ್ತು. ದೇಶ ದೇಶಗಳ ಜಗಳ ಬಿಡಿಸುವವರು ನಮ್ಮ ಅಂಗಡಿಗೇ ನಡೆದು ಬಂದಿದ್ದಾರೆ. ನನ್ನ ಅಕ್ಕ ಏನು ಮಹಾ? “ಬಾದಾಮಿಗೆ ನಾನೇ ಕರಕೊಂಡ ಹೋಗ್ತೇನ್ರಿ, ನಮ್ಮ ವ್ಯಾನ್ ಐತಿ” ಎಂದುಬಿಟ್ಟೆ.

ಗುಹೆಗಳನ್ನು ನೋಡಿ, ಮಹಾಕೂಟಕ್ಕೆ ಹೋಗಿ ಹೊಂಡದ ಮೆಟ್ಟಿಲ ಮೇಲೆ ಕೂತಾಗ ಎಲ್ಲವನ್ನೂ ಹೇಳಿಕೊಂಡೆ. ನೀರಿನಲ್ಲಿ ಹುಡುಗರು ಜಿಗಿಯುತ್ತಿದ್ದರು. ಪಾದ್ರಿಗಳು ಕಾಲು ಇಳಿಬಿಟ್ಟುಕೊಂಡು ಪೂರ್ತಿ ಕೇಳಿದರು.

“ನಿಮ್ಮ ತಂದೆ ನನ್ನನ್ನು ಹೋಗಿ ಬನ್ನಿ ಎಂದಿದ್ದಾರಾ?”

“ಇಲ್ರಿ.”

“ಅಕ್ಕ ಬನ್ನಿ ಎಂದಿದ್ದಾರಾ?”

“ಇಲ್ರಿ.”

“ಇಬ್ಬರೂ ಕರೆಯದೆ ಹೋದರೆ ಅದು ಸಂಧಾನ ಅಲ್ಲ, ಮೂಗು ತೂರಿಸುವುದು” ಎಂದರು. ದಕ್ಷಿಣ ಅಮೆರಿಕಾದ ಎರಡು ದೇಶಗಳು ಮೂರು ಪುಟ್ಟ ದ್ವೀಪಗಳಿಗಾಗಿ ಇನ್ನೇನು ಗುಂಡು ಹಾರಿಸಬೇಕು ಎನ್ನುವಾಗ, ಇಬ್ಬರೂ ಒಪ್ಪಿ ಕರೆದದ್ದಕ್ಕೆ ಪೋಪರು ಒಬ್ಬ ಮುದುಕರನ್ನು ಕಳಿಸಿದರಂತೆ. ಆ ಮುದುಕರು, ಅವರ ನಂತರ ಬಂದವರು ಅತ್ತಿಂದಿತ್ತ ಓಡಾಡಿ, ಇಬ್ಬರ ಮಾತನ್ನೂ ಕೇಳಿಸಿಕೊಂಡು, ಕೊನೆಗೆ ಕೈ ಕುಲುಕಿಸಿದರಂತೆ.

“ಎಷ್ಟ ದಿನಾ ಹಿಡೀತ್ರಿ?”

“ಆರು ವರ್ಷ.”

ಆರು ವರ್ಷಕ್ಕೆ ನನ್ನ ಮಗಳು ಶಾಲೆಗೆ ಸೇರಿರುತ್ತಾಳೆ. ಹಾಜರಿಯಲ್ಲಿ ಮಾಸ್ತರು ಏನೆಂದು ಕೂಗಬೇಕು? ನನ್ನ ಮುಖ ನೋಡಿ ಪಾದ್ರಿಗಳಿಗೆ ಕನಿಕರವಾಗಿರಬೇಕು. “ಊಟಕ್ಕಾದರೆ ಬರುತ್ತೇನೆ. ಹಸಿವೆ ಉಂಟು” ಎಂದರು.

ಅಕ್ಕ ನನ್ನನ್ನು ನೋಡಿ ಬಾ ಎನ್ನಲಿಲ್ಲ. ಆದರೆ ಮನೆಗೆ ಬಂದ ಅತಿಥಿಯನ್ನು ಹೊಸ್ತಿಲಲ್ಲಿ ನಿಲ್ಲಿಸುವುದು ಅವಳ ಕೈಲಾಗದ ಕೆಲಸ. “ಬರ್ರಿ ಗುರುಗಳ, ಕೈಕಾಲ ತೊಳಕೋರಿ” ಎಂದು, ನನ್ನ ಕಡೆ ನೋಡದೆಯೇ, “ನೀನೂ ಕೂಡು, ಹಸದಿರ್ತಿ” ಎಂದಳು. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಪಾದ್ರಿಗಳು ರೊಟ್ಟಿ ತಟ್ಟುವುದರ ಬಗ್ಗೆ ಕೇಳಿದರು, ಎಮ್ಮೆಯ ಬಗ್ಗೆ ಕೇಳಿದರು, ಸೀರೆಯ ಸುದ್ದಿ ಎತ್ತಲೇ ಇಲ್ಲ. ನನಗೆ ತಡೆಯಲಾಗಲಿಲ್ಲ. “ಅಕ್ಕಾ, ಅಪ್ಪ...” ಎಂದು ಬಾಯಿ ತೆರೆದೆ. ಅವರು ತಟ್ಟನೆ ನನ್ನ ಕಡೆ ತಿರುಗಿ, “ಸ್ವಲ್ಪ ನೀರು ತರುತ್ತೀರಾ?” ಎಂದರು. ಅವರ ಮುಂದೆ ತುಂಬಿದ ತಂಬಿಗೆ ಇತ್ತು.

ಭಾವ ನನ್ನ ತೋಳು ಹಿಡಿದು ತೋಟಕ್ಕೆ ಎಳೆದೊಯ್ದ. “ಒಳಗ ಏನ ಮಾತ ನಡದೈತೋ ಅದು ನನಗೂ ಬ್ಯಾಡ, ನಿನಗೂ ಬ್ಯಾಡ. ಬಳ್ಳಿ ನೋಡು” ಎಂದ. ಬಳ್ಳಿ ನೋಡಿದೆ. ಎಷ್ಟು ಹೊತ್ತು ನೋಡುವುದು ಬಳ್ಳಿಯನ್ನು! ಬಂದು ನೋಡಿದರೆ ಅಕ್ಕನ ಕಣ್ಣು ಕೆಂಪಾಗಿತ್ತು. ಪಾದ್ರಿಗಳ ಕೈಯಲ್ಲಿ ಒಂದು ಕಟ್ಟು ಎಲೆ ಇತ್ತು.

ದಾರಿಯುದ್ದಕ್ಕೂ ಕೇಳಿದೆ. ಏನಂದಳು, ಅಳುತ್ತಿದ್ದಳಾ, ಬರುತ್ತಾಳಂತಾ?

“ಅವರು ಹೇಳಿದ್ದನ್ನು ನಿಮಗೆ ಹೇಳಿದರೆ ನಾಳೆ ನನಗೆ ಏನೂ ಹೇಳುವುದಿಲ್ಲ” ಎಂದರು. “ಇನ್ನೊಮ್ಮೆ ಬನ್ನಿ ಎಂದಿದ್ದಾರೆ. ಇವತ್ತಿಗೆ ಅಷ್ಟು ಸಾಕು.”

ನನಗೆ ಸಿಟ್ಟು ನೆತ್ತಿಗೇರಿತು. ಅಕ್ಕ ನನ್ನವಳು, ಮಗಳು ನನ್ನವಳು, ವ್ಯಾನೂ ನನ್ನದು, ಗುಟ್ಟು ಮಾತ್ರ ಇವರದು! ವ್ಯಾನಿನ ಗೇರಿನ ಮೇಲೆ ಆ ಸಿಟ್ಟು ತೀರಿಸಿಕೊಂಡೆ.

ಮರುದಿನ ಅವರು ಅಂಗಡಿಗೆ ಬಂದಾಗ ಅಪ್ಪ ಪಟ್ಟೆಯ ಸುದ್ದಿ ಬಿಟ್ಟು, ಬೇರೆಲ್ಲೋ ನೋಡುತ್ತ, “ಆಕಿ ಹೆಂಗದಾಳ್ರಿ?” ಎಂದ. ಪಾದ್ರಿಗಳು, “ಒಳಗೆ ಕೂತು ಮಾತಾಡೋಣವಾ?” ಎಂದರು. ಇಬ್ಬರೂ ಮಗ್ಗದ ಕೋಣೆಗೆ ಹೋದರು. ಒಳಗೆ ಮಗ್ಗ ನಡೆದಿತ್ತು. ಅದರ ಸದ್ದಿನಲ್ಲಿ ನನ್ನ ನೆಟ್ಟಗಾದ ಕಿವಿಗೆ ಒಂದು ಅಕ್ಷರವೂ ಬೀಳಲಿಲ್ಲ.

ಅಪ್ಪ ಅಲ್ಲಿ ಹೇಳಿದ್ದನ್ನು ವರ್ಷಗಳ ನಂತರ ಅಕ್ಕನ ಬಾಯಿಂದ ಕೇಳಿದೆ. ಅಪ್ಪ ತಾನೇ ನೇಯುವುದನ್ನು ಬಿಡುವ ಮುಂಚೆ ಕೊನೆಯದಾಗಿ ನೇಯ್ದ ಶುದ್ಧ ರೇಷ್ಮೆ ಸೆರಗಿನ ಸೀರೆಯನ್ನು ಅಕ್ಕನಿಗೆಂದೇ ಎತ್ತಿಟ್ಟಿದ್ದ. ಮದುವೆಯ ಗದ್ದಲದಲ್ಲಿ ಗಂಟು ಅದಲುಬದಲಾಗಿ, ಅದು ನನ್ನ ಹೆಂಡತಿಯ ಚಿಕ್ಕಮ್ಮನಿಗೆ ಹೋಯಿತು. ಆಕೆ ಅದನ್ನು ಹುನಗುಂದ ತುಂಬ ತೋರಿಸಿ ಹಿಗ್ಗಿದ್ದಳು. ತಪ್ಪಾಗಿದೆ ಎಂದು ಅಪ್ಪ ಬಾಯಿ ಬಿಟ್ಟರೆ ಆ ಮಾತು ಬೀಗರ ಕಿವಿಗೆ ಹೋಗುತ್ತಿತ್ತು. ಅವರು ಸೀರೆ ಮಡಿಸಿ ವಾಪಸು ಕಳಿಸುತ್ತಿದ್ದರು. ಹೊಸದಾಗಿ ಬಂದ ಸೊಸೆ ಜೀವಮಾನವಿಡೀ ಆ ಮಾತು ಕೇಳಬೇಕಾಗುತ್ತಿತ್ತು. “ಮಗಳ ಸಿಟ್ಟು ಇಂದಿಲ್ಲಾ ನಾಳೆ ಇಳೀತೈತಿ, ಬೀಗರದು ಇಳಿಯೂದಿಲ್ಲ ಅಂತ ಸುಮ್ಮನಾದೆ. ಇದನ್ನ ಆಕಿಗೊಬ್ಬಾಕಿಗೇ ಮುಟ್ಟಸ್ರಿ” ಎಂದಿದ್ದನಂತೆ. ಇದನ್ನು ಕಾಕಾನಿಗೆ ಹೇಳಲಾಗದು, ಓಣಿಯ ಹಿರಿಯರಿಗೆ ಹೇಳಲಾಗದು, ನನಗಂತೂ ಹೇಳಲೇ ಆಗದು. ನಮ್ಮೂರಿನಲ್ಲಿ ಬೀಗರಿಲ್ಲದ, ವೋಟಿಲ್ಲದ, ಹೊಲವಿಲ್ಲದ ಒಬ್ಬ ಮನುಷ್ಯ ಬೇಕಿತ್ತು.

ಎರಡನೇ ಸಲ ಚೊಳಚಗುಡ್ಡಕ್ಕೆ ಹೊರಟಾಗ ಬಾದಾಮಿಯಲ್ಲಿ ಚಹಾಕ್ಕೆ ನಿಂತೆವು. ಹೋಟೆಲಿನ ಟಿ.ವಿ.ಯಲ್ಲಿ ಇರಾಕಿನ ಮೇಲೆ ಯುದ್ಧವಾಗುವ ಸುದ್ದಿ. ಪೋಪರು ಬಾಗ್ದಾದಿಗೂ ದೂತರನ್ನು ಕಳಿಸಿದ್ದಾರೆ, ಅಮೆರಿಕಾಕ್ಕೂ ಕಳಿಸುತ್ತಾರೆ ಎಂದು ಪಾದ್ರಿಗಳು ಹೇಳಿದರು. ಹೇಳುವಾಗ ಕೈಯಲ್ಲಿನ ಚಹಾ ಆರಿ ಕೆನೆಗಟ್ಟಿತು.

“ಅವ್ರು ಕೇಳ್ತಾರೇನ್ರಿ?” ಎಂದೆ.

“ಕೇಳಲಿಕ್ಕಿಲ್ಲ.”

“ಮತ್ತ ಯಾಕ ಹೋಗೂದ್ರಿ?”

“ಯುದ್ಧ ಮುಗಿದ ಮೇಲೂ ಎರಡೂ ಮನೆಗೆ ಹೋಗಿ ಬರುವವರು ಒಬ್ಬರು ಬೇಕಲ್ಲ” ಎಂದರು. ಯುದ್ಧ ಶುರುವಾದರೆ ಉಳಿದ ರಾಯಭಾರಿಗಳು ಗಂಟುಮೂಟೆ ಕಟ್ಟುತ್ತಾರೆ, ತಮ್ಮವರು ಆದಷ್ಟೂ ಅಲ್ಲೇ ಉಳಿಯುತ್ತಾರೆ ಎಂದೂ ಹೇಳಿದರು. ಅವರ ಮುಖದಲ್ಲಿ ಅಂಜಿಕೆ ಇದ್ದದ್ದನ್ನು ಅವತ್ತೇ ಮೊದಲು ನೋಡಿದೆ. ನನ್ನ ಮನೆಯ ಜಗಳ ಹೊತ್ತುಕೊಂಡು ಇಂಥವರ ಬೆನ್ನು ಹತ್ತಿದ್ದೇನಲ್ಲ ಎಂದು ನಾಚಿಕೆಯಾಯಿತು. ಆದರೂ ವ್ಯಾನು ತಿರುಗಿಸಲಿಲ್ಲ.

ಆ ದಿನ ಅಕ್ಕನ ಮನೆಯೊಳಗಿಂದ ನಗು ಕೇಳಿಸಿತು. ಹೊರಗೆ ಬಂದವಳೇ ನನಗೆ ಹುಕುಂ ಮಾಡಿದಳು: “ಆ ಚಮಕಾ ಸೀರಿ ಬಸ್ಸಿಗೆ ಹಾಕಿ ಕಳಸು. ಹಂಗ, ಹೆಸರಿಡೂ ದಿನಾ ಗೊತ್ತ ಮಾಡ್ರಿ.”

ಪಾದ್ರಿಗಳಿಗೆ ಆ ದಿನದವರೆಗೆ ನಿಲ್ಲಲಾಗಲಿಲ್ಲ. ರಜೆ ಮುಗಿದು ತಮ್ಮ ಆಫ್ರಿಕಾಕ್ಕೆ ಮರಳಿದರು. ನಾವು ತೊಟ್ಟಿಲು ಕಟ್ಟಿದ ದಿನ ಪಡಸಾಲೆಯ ಟಿ.ವಿ.ಯಲ್ಲಿ ಬಾಗ್ದಾದ್ ಉರಿಯುತ್ತಿತ್ತು. ಸಿಸ್ಟರ್ ಬಂದರು. ಮುಖ ಬಾಡಿತ್ತು. ಬೆಳಿಗ್ಗೆ ತಮ್ಮನ ಫೋನು ಬಂದಿತ್ತಂತೆ. ಯಾರೂ ತಮ್ಮವರ ಮಾತು ಕೇಳಲಿಲ್ಲ ಎಂದು ಬಹಳ ನೊಂದುಕೊಂಡಿದ್ದರಂತೆ. “ಆದರೆ ಮೊದಲು ಕೇಳಿದ್ದು ನಿಮ್ಮ ಮಗುವಿಗೆ ಹೆಸರಿಟ್ಟರಾ ಅಂತ” ಎಂದರು. ನಾನು ಅವರನ್ನು ತೊಟ್ಟಿಲ ಪಕ್ಕಕ್ಕೇ ಕರೆದೊಯ್ದು ಕೂರಿಸಿದೆ.

ಅಕ್ಕ ಚಮಕಾ ಸೀರೆಯುಟ್ಟು ಬಂದಳು. ಹುನಗುಂದದ ಚಿಕ್ಕಮ್ಮ ರೇಷ್ಮೆ ಸೆರಗು ಬೀಸುತ್ತ ಎದುರಾದರೆ, ಅಕ್ಕ ಆ ಸೆರಗನ್ನು ಬೆರಳಿನಿಂದ ಸವರಿ, “ನಿಮಗ ಭಾಳ ಒಪ್ಪೈತ್ರಿ” ಎಂದಳು. ನನಗೆ ಅವತ್ತು ಇದರ ತಲೆಬುಡ ತಿಳಿಯಲಿಲ್ಲ. ಅಪ್ಪ ಮಾತ್ರ ಮೂಲೆಯಲ್ಲಿ ಕೂತು ಧೋತರದ ಅಂಚು ನೀವುತ್ತಿದ್ದ.

ನಾವು ಕೊನೆಗೆ ಆರಿಸಿದ ಹೆಸರನ್ನು ಅಕ್ಕನಿಗೆ ಮತ್ತೆ ಮತ್ತೆ ಹೇಳಿಯಾಗಿತ್ತು. ಅವಳು ತೊಟ್ಟಿಲಿಗೆ ಬಾಗಿ ಕೂಸಿನ ಕಿವಿಯಲ್ಲಿ ಹೇಳಿದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದಿದರು. ಕೆಲವರಂತೂ ಇಷ್ಟು ದಿನದ ಸಿಟ್ಟನ್ನೂ ಸೇರಿಸಿಯೇ ಗುದ್ದಿದರು. “ಏನ ಹೆಸರವಾ, ಎಲ್ಲಾರಿಗೂ ಕೇಳೂಹಂಗ ಹೇಳು” ಎಂದರು. ಅಕ್ಕ ಎದ್ದು ನಿಂತು ಹೇಳಿದಳು.

ಅದು ನಾವು ಆರಿಸಿದ ಹೆಸರಲ್ಲ. ನಮ್ಮ ಅವ್ವನ ಹೆಸರು.

ಅವ್ವ ಹೋದ ಮೇಲೆ ಆ ಹೆಸರನ್ನು ನಾವು ಯಾರೂ ಎತ್ತಿರಲಿಲ್ಲ. ಅಪ್ಪನಂತೂ ಅವ್ವ ಇದ್ದಾಗಲೂ ಒಂದು ದಿನವೂ ಹೆಸರು ಹಿಡಿದು ಕರೆದವನಲ್ಲ. ‘ಏ’, ‘ಕೇಳ್ತೈತೇನು’, ಅಷ್ಟರಲ್ಲೇ ಸಂಸಾರ ಮುಗಿಸಿದ್ದ. ಈಗ ಅವನು ಎದ್ದು ಯಾರ ಮುಖವನ್ನೂ ನೋಡದೆ ಹಿತ್ತಲಿಗೆ ಹೋದ. ಮುಗಿಯಿತು, ಇಷ್ಟೆಲ್ಲ ಮಾಡಿ ಮತ್ತೆ ಮೊದಲಿಗೇ ಬಂದೆವು ಎಂದುಕೊಂಡೆ. ಅಕ್ಕ ತೊಟ್ಟಿಲ ಹಗ್ಗ ಗಟ್ಟಿಯಾಗಿ ಹಿಡಿದು ನಿಂತಿದ್ದಳು. ಕೂಸು ಜೋರಾಗಿ ಅಳಲು ಶುರುಮಾಡಿತು.

ಅಪ್ಪ ಮುಖ ತೊಳೆದು ಒಳಗೆ ಬಂದ. ಹೆಂಗಸರು ದಾರಿ ಬಿಟ್ಟರು. ತೊಟ್ಟಿಲ ಹತ್ತಿರ ನಿಂತು ಒಮ್ಮೆ ಕೆಮ್ಮಿ, ಮೆಲ್ಲಗೆ ಆ ಹೆಸರು ಕರೆದ. ಅದು ಸರಿಯಾಗಿ ಬರಲಿಲ್ಲ. ಇನ್ನೊಮ್ಮೆ ಕರೆದ. ಕೂಸು ಅಳು ನಿಲ್ಲಿಸಿ ಅವನನ್ನೇ ನೋಡಿತು.